ಅಂಗಿ ದೊಡ್ಡದು, ಶೆಲ್ಲು ಚಿಕ್ಕದು

ಅಪ್ಪನ ರೇಡಿಯೊ ಅಂಗಾತ ಬಿದ್ದ ದಿನದಿಂದ ಶುರು ಮಾಡುತ್ತೇನೆ.

ನಾಲ್ಕು ದಪ್ಪ ಶೆಲ್ಲು ಹಾಕುವ ಹಳೇ ರೇಡಿಯೊ ಅದು. ಅಪ್ಪ ಬೆಳಗ್ಗೆ ಎದ್ದವರೇ ಆಂಟೆನಾ ಪೂರ್ತಿ ಎಳೆದು, ಹಿಂದಕ್ಕೆ ಕಿಟಕಿಯ ಕಡೆ ಬಾಗಿಸಿ, ಕಿವಿ ಹಿಂಡುತ್ತಾರೆ. ವರ್ಷಗಟ್ಟಲೆಯಿಂದ ನಡೆದುಬಂದ ಕೆಲಸ, ಕಣ್ಣು ಮುಚ್ಚಿಕೊಂಡೂ ಮಾಡಬಲ್ಲರು. ಅವತ್ತು ಆಂಟೆನಾ ಬಾಗಿಸಿದ್ದೇ ತಡ, ರೇಡಿಯೊ ಹಿಂದಕ್ಕೆ ಮಗುಚಿಕೊಂಡಿತು. ಅಪ್ಪ ಎತ್ತಿ ಕೈಯಲ್ಲಿ ಒಮ್ಮೆ ತೂಗಿ ನೋಡಿದರು.

"ಏನೋ ಇದು, ಹೊಟ್ಟೆಯಲ್ಲಿ ಏನೂ ಇಲ್ಲದ ಹಾಗಿದೆ?"

"ಇದೆ ಅಪ್ಪ. ಸಣ್ಣ ಶೆಲ್ಲು ಹಾಕಿದ್ದೀನಿ, ರೀಚಾರ್ಜ್ ಆಗೋವು."

"ಸಣ್ಣದು ಅಲ್ಲಿ ಹೇಗೆ ಕೂತುಕೊಳ್ತು?"

ಮುಚ್ಚಳ ತೆಗೆದು ತೋರಿಸಿದೆ. ದಪ್ಪ ಶೆಲ್ಲಿನ ಅಳತೆಯದೇ ನಾಲ್ಕು ಪ್ಲಾಸ್ಟಿಕ್ ಡಬ್ಬಿಗಳು ಸಾಲಾಗಿ ಮಲಗಿದ್ದವು. ಒಂದನ್ನು ತೆಗೆದು ಬಿಚ್ಚಿದರೆ ಒಳಗೆ ಒಂದೇ ಒಂದು ಪೆನ್ಸಿಲ್ ಶೆಲ್ಲು. ಅಪ್ಪ ಅದನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿ, "ದೊಡ್ಡವರ ಅಂಗಿ ಹಾಕಿಕೊಂಡಿದೆ" ಎಂದರು. ಆಮೇಲೆ ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ಮುಖ್ಯ ಅನಿಸುತ್ತದೆ: "ಅಂಗಿ ಸರಿಹೋಯ್ತು, ಕೆಲಸ?"

ಕೆಲಸದ ವಿಷಯ ನಾನು ಅಲ್ಲಿಯವರೆಗೆ ಸರಿಯಾಗಿ ಯೋಚಿಸಿಯೇ ಇರಲಿಲ್ಲ. ಗೂಡಿನಲ್ಲಿ ಕೂತರೆ ಆಯಿತು, ಎರಡೂ ತುದಿ ಮುಟ್ಟಿದರೆ ಆಯಿತು ಅಂದುಕೊಂಡಿದ್ದೆ. ಅಡಾಪ್ಟರ್ ಅನ್ನುವ ಈ ಡಬ್ಬಿ ಜಾಗ ತುಂಬುತ್ತದೆ, ಹಸಿವು ತುಂಬುವುದಿಲ್ಲ. ಯಾವ ಉಪಕರಣದ ಹಸಿವು ಎಷ್ಟು ಅಂತ ನಾವೇ ತಿಳಿದುಕೊಳ್ಳಬೇಕು. ಆರೇಳು ವರ್ಷಗಳಲ್ಲಿ ನಾನು ಕಲಿತದ್ದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಈ ದಾರಿಗೆ ಬಂದದ್ದು ಸೋರಿಕೆಯಿಂದ. ಒಂದು ರಾತ್ರಿ ಕರೆಂಟ್ ಹೋದಾಗ ಡ್ರಾಯರ್‌ನಿಂದ ಟಾರ್ಚ್ ತೆಗೆದರೆ ಹತ್ತಲಿಲ್ಲ. ಹಿಂದಿನ ಮುಚ್ಚಳ ತಿರುಗಿಸಲು ಹೋದರೆ ಬೆಸುಗೆ ಹಾಕಿದಂತೆ ಕಚ್ಚಿಕೊಂಡಿತ್ತು. ಬೆಳಗಾದ ಮೇಲೆ ಇಕ್ಕಳ ಹಿಡಿದು ಬಿಚ್ಚಿದೆ. ಒಳಗೆ ಬಿಳಿ ಉಪ್ಪಿನಂಥ ಹುಡಿ, ಸ್ಪ್ರಿಂಗ್ ಇದ್ದ ಜಾಗದಲ್ಲಿ ಹಸಿರು ಕಿಲುಬು. ಬಳಸಿ ಎಸೆಯುವ ಅಲ್ಕಲೈನ್ ಶೆಲ್ಲಿನೊಳಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅನ್ನುವ ಕ್ಷಾರ ಇರುತ್ತದೆ. ಶೆಲ್ಲು ಪೂರ್ತಿ ಬರಿದಾಗಿ ಹಾಗೇ ಬಿದ್ದಿದ್ದರೆ ಒಳಗೆ ಅನಿಲ ಕಟ್ಟಿಕೊಂಡು, ಸೀಲ್ ಬಿಟ್ಟು, ಕ್ಷಾರ ಹೊರಗೆ ಬರುತ್ತದೆ. ಗಾಳಿ ತಾಕಿದ ಮೇಲೆ ಅದೇ ಬಿಳಿ ಹುಡಿಯಾಗುತ್ತದೆ. ಹತ್ತಿಯನ್ನು ವಿನೆಗರ್‌ನಲ್ಲಿ ಅದ್ದಿ ಒರೆಸಿದರೆ ಹುಡಿ ಕರಗುತ್ತದೆ, ಆದರೆ ಒಳಗೊಳಗೇ ತಿಂದುಹೋದ ಲೋಹ ಮರಳಿ ಬರುವುದಿಲ್ಲ. ಆ ಟಾರ್ಚ್ ಹೋಯಿತು. ಅದಕ್ಕೂ ಮೊದಲು ಮಗಳ ಆಟದ ಕ್ರೇನ್ ಹೋಗಿತ್ತು. ಆಮೇಲೆ ಒಂದು ಟೇಬಲ್ ಗಡಿಯಾರ. ಏನೂ ಕೆಡದ ವಸ್ತುಗಳು ಶೆಲ್ಲಿನಿಂದಾಗಿ ಕಸಕ್ಕೆ ಸೇರಿದ್ದು ನನ್ನ ಹೊಟ್ಟೆಯೊಳಗೆ ಕುಳಿತುಬಿಟ್ಟಿತು.

ನಿಕಲ್ ಮೆಟಲ್ ಹೈಡ್ರೈಡ್ ಜಾತಿಯ ರೀಚಾರ್ಜ್ ಶೆಲ್ಲುಗಳು ಇಷ್ಟು ಸುಲಭಕ್ಕೆ ಸೋರುವುದಿಲ್ಲ. ಸೋರುವುದೇ ಇಲ್ಲ ಅಂತಲ್ಲ. ನನ್ನ ಬಳಿ ಇರುವ ಮೂವತ್ತು ಚಿಲ್ಲರೆ ಶೆಲ್ಲುಗಳಲ್ಲಿ ಇದುವರೆಗೆ ಒಂದೂ ಸೋರಿಲ್ಲ, ಅಷ್ಟು ಹೇಳಬಲ್ಲೆ. ಹಿಂದೆ ಇವುಗಳ ಮೇಲೆ ಇನ್ನೊಂದು ದೂರಿತ್ತು: ಚಾರ್ಜ್ ಮಾಡಿಟ್ಟರೆ ಸುಮ್ಮನೆ ಕೂತಲ್ಲೇ ಬರಿದಾಗುತ್ತವೆ, ಎರಡು ಮೂರು ತಿಂಗಳಾದ ಮೇಲೆ ಬೇಕಾದಾಗ ಕೈಕೊಡುತ್ತವೆ. 2005ರಲ್ಲಿ ಸ್ಯಾನ್ಯೊ ಕಂಪನಿ ಎನೆಲೂಪ್ ಹೆಸರಿನಲ್ಲಿ ತಂದ ಶೆಲ್ಲುಗಳು ಆ ದೂರನ್ನು ಬಹುಪಾಲು ತೊಡೆದುಹಾಕಿದವು. ಚಾರ್ಜ್ ಮಾಡಿ ಒಂದು ವರ್ಷ ಇಟ್ಟರೂ ಹೆಚ್ಚಿನ ಪಾಲು ಉಳಿದಿರುತ್ತದೆ. ಈಗ ಆ ಬಗೆಯವನ್ನು ಬೇರೆ ಬೇರೆ ಹೆಸರಿನಲ್ಲಿ ಹಲವರು ಮಾಡುತ್ತಾರೆ. ಮನೆಯಲ್ಲಿ ಇವನ್ನು ನೆಚ್ಚಿಕೊಳ್ಳಬಹುದು ಅನ್ನುವ ಧೈರ್ಯ ನನಗೆ ಬಂದದ್ದು ಇವುಗಳಿಂದಲೇ.

ಹಾಗಾದರೆ ದಪ್ಪ ಶೆಲ್ಲಿನಲ್ಲೇ ರೀಚಾರ್ಜ್ ಆಗುವವು ಇಲ್ಲವೇ ಅಂತ ಕೇಳಬಹುದು. ಇವೆ. ದಪ್ಪ ಶೆಲ್ಲಿನ ಅಳತೆಗೆ ಡಿ ಅಂತ ಹೆಸರು. ನಿಜವಾದ ಡಿ ಅಳತೆಯ ನಿಕಲ್ ಮೆಟಲ್ ಹೈಡ್ರೈಡ್ ಶೆಲ್ಲು 8000ದಿಂದ 10000 ಎಂಎಎಚ್‌ವರೆಗೆ ವಿದ್ಯುತ್ ಹಿಡಿಯುತ್ತದೆ (ಎಂಎಎಚ್ ಅನ್ನುವುದು ಆ ಹಿಡಿಯುವಿಕೆಯ ಅಳತೆ), ಕೈಯಲ್ಲಿ ಹಿಡಿದರೆ ಕಲ್ಲಿನ ಹಾಗೆ ತೂಗುತ್ತದೆ. ಅದಕ್ಕೆ ಆ ಗಾತ್ರ ಹಿಡಿಯುವ ಚಾರ್ಜರ್ ಬೇಕು, ಚಾರ್ಜ್ ಆಗಲು ಹೊತ್ತು ಬೇಕು. ಮನೆಯಲ್ಲಿ ಡಿ ಹಾಕುವ ಒಂದೆರಡು ವಸ್ತುಗಳಿಗಾಗಿ ಅಷ್ಟೆಲ್ಲ ಕೊಳ್ಳಲು ಮನಸ್ಸಾಗುವುದಿಲ್ಲ. ಇನ್ನೊಂದು ಮಾತು, ಇದನ್ನು ಒತ್ತಿ ಹೇಳಬೇಕು. ದಪ್ಪ ಶೆಲ್ಲು ಅಂತ ಮಾರುವ ಕೆಲವು ರೀಚಾರ್ಜ್ ಶೆಲ್ಲುಗಳ ಒಳಗೆ ಇರುವುದು ಪೆನ್ಸಿಲ್ ಶೆಲ್ಲೇ. ಹೊರಗೆ ತಗಡಿನ ಚಿಪ್ಪು, ಒಳಗೆ ಖಾಲಿ ಜಾಗ. ಮೈಮೇಲೆ 2500 ಎಂಎಎಚ್ ಅಂತ ಬರೆದಿದ್ದರೆ ಅನುಮಾನ ಪಡಿ. ಬರೆದದ್ದನ್ನು ನಂಬುವುದಕ್ಕಿಂತ ಅಡುಗೆಮನೆಯ ತಕ್ಕಡಿಯನ್ನು ನಂಬಿ. ನಾನು ಕೊಂಡ ಒಂದು ಜೋಡಿ ಒಂದೊಂದೂ 70 ಗ್ರಾಂ ಕೂಡ ತೂಗಲಿಲ್ಲ. ನಿಜವಾದದ್ದು ಅದರ ಎರಡು ಪಟ್ಟು ತೂಗಬೇಕು. ಅಡಾಪ್ಟರ್ ಆದರೂ ತಾನು ಅಡಾಪ್ಟರ್ ಅಂತ ಒಪ್ಪಿಕೊಳ್ಳುತ್ತದೆ, ಇದು ಅದನ್ನೂ ಮಾಡುವುದಿಲ್ಲ. ಆ ದಿನ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಹೀಗಾಗಿ ಮನೆಯಲ್ಲಿ ಒಂದೇ ಕುಲ ಸಾಕಿದೆ: ಪೆನ್ಸಿಲ್ ಶೆಲ್ಲು, ಅಂದರೆ ಡಬಲ್ ಎ. ಒಂದೇ ಚಾರ್ಜರ್. ಬೇರೆ ಗೂಡುಗಳಿಗೆ ಅಡಾಪ್ಟರ್.

ಅಳತೆಗಳನ್ನು ಒಮ್ಮೆ ನೋಡಿದರೆ ಅಡಾಪ್ಟರ್ ಯಾಕೆ ಸಾಧ್ಯ ಅನ್ನುವುದು ಕಣ್ಣಿಗೆ ಕಟ್ಟುತ್ತದೆ. ಡಬಲ್ ಎ ಶೆಲ್ಲಿನ ಉದ್ದ 50.5 ಮಿ.ಮೀ., ದಪ್ಪ 14.5 ಮಿ.ಮೀ. ನಡುವಿನ ಗಾತ್ರದ ಸಿ ಶೆಲ್ಲಿನ ಉದ್ದ 50 ಮಿ.ಮೀ., ದಪ್ಪ 26 ಚಿಲ್ಲರೆ. ಉದ್ದ ಹೆಚ್ಚುಕಡಿಮೆ ಒಂದೇ! ಆದ್ದರಿಂದ ಸಿ ಗೂಡಿಗೆ ಬೇಕಿರುವುದು ಬರೀ ಒಂದು ಕೊಳವೆ, ಶೆಲ್ಲು ಅಲ್ಲಾಡದಂತೆ ಹಿಡಿದುಕೊಂಡರೆ ಸಾಕು. ಎರಡೂ ತುದಿ ತಾವಾಗಿಯೇ ಮುಟ್ಟುತ್ತವೆ. ಡಿ ಹಾಗಲ್ಲ. ಅದರ ಉದ್ದ 61.5 ಮಿ.ಮೀ. ಅಲ್ಲಿ 11 ಮಿ.ಮೀ. ಕೊರತೆ ಬೀಳುತ್ತದೆ. ಆ ಕೊರತೆಯನ್ನು ಲೋಹದಿಂದಲೇ ತುಂಬಬೇಕು, ಇಲ್ಲದಿದ್ದರೆ ವಿದ್ಯುತ್ ದಾಟುವುದಿಲ್ಲ. ಕೊಂಡು ತರುವ ಡಿ ಡಬ್ಬಿಗಳಲ್ಲಿ ಅದಕ್ಕೆಂದೇ ತಳದಲ್ಲೊಂದು ತಗಡು, ಸ್ಪ್ರಿಂಗ್ ಇರುತ್ತವೆ.

ಆ 11 ಮಿಲಿಮೀಟರ್ ನನಗೆ ಕಲಿಸಿದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಇದನ್ನು ಓದಿದವರಲ್ಲಿ ಒಬ್ಬರಾದರೂ ಹಾಗೆ ಮಾಡದೆ ಇದ್ದರೆ ನನಗೆ ಸಮಾಧಾನ.

ಶುರುವಿನಲ್ಲಿ ಡಬ್ಬಿ ಕೊಳ್ಳುವುದು ಯಾಕೆ, ಮನೆಯಲ್ಲೇ ಮಾಡಿಕೊಳ್ಳೋಣ ಅಂತ ಹೊರಟಿದ್ದೆ. ಮೂರು ಡಿ ಶೆಲ್ಲಿನ ಒಂದು ಎಲ್‌ಇಡಿ ಲಾಟೀನು ಇತ್ತು. ರಟ್ಟನ್ನು ಸುರುಳಿ ಸುತ್ತಿ ಪೆನ್ಸಿಲ್ ಶೆಲ್ಲಿಗೆ ದಪ್ಪನೆಯ ಮೈ ಕೊಟ್ಟೆ. ಉದ್ದದ ಕೊರತೆಗೆ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ ತುರುಕಿದೆ. ಎರಡು ಶೆಲ್ಲಿಗೆ ಉಂಡೆಯನ್ನು ಮೈನಸ್ ತುದಿಗೆ ಇಟ್ಟೆ. ಮೂರನೆಯದಕ್ಕೆ, ಮುಚ್ಚಳ ಹಾಕಲು ಅನುಕೂಲ ಅಂತ, ಪ್ಲಸ್ ತೊಟ್ಟಿನ ಮೇಲೆ ಇಟ್ಟು ಒತ್ತಿದೆ. ಲಾಟೀನು ಹತ್ತಿತು. ಚೆನ್ನಾಗಿಯೇ ಬೆಳಗಿತು. ಐದು ನಿಮಿಷ ಆಗಿರಬೇಕು, ಬೆಳಕು ಕುಗ್ಗಿತು, ಸುಟ್ಟ ರಟ್ಟಿನ ವಾಸನೆ ಬಂತು. ಮುಚ್ಚಳ ಬಿಚ್ಚಿ ಶೆಲ್ಲು ಎಳೆಯಲು ಹೋದರೆ ಬೆರಳು ಇಡಲಾಗದಷ್ಟು ಬಿಸಿ. ಲಾಟೀನನ್ನು ಕಲ್ಲಿನ ನೆಲದ ಮೇಲೆ ಬೋರಲು ಹಾಕಿ ತಟ್ಟಿ ಉದುರಿಸಿದೆ. ರಟ್ಟಿನ ಒಳಮೈ ಕಂದುಗಟ್ಟಿತ್ತು. ಶೆಲ್ಲಿನ ಹೆಗಲ ಮೇಲಿನ ಪ್ಲಾಸ್ಟಿಕ್ ಹೊದಿಕೆ ಕರಗಿ ಮುದುಡಿತ್ತು.

ಅದೇ ಉಂಡೆಯನ್ನು ಅಲ್ಕಲೈನ್ ಶೆಲ್ಲಿನ ಪ್ಲಸ್ ತುದಿಗೆ ಒತ್ತಿದ್ದರೆ ಹೀಗೆ ಆಗುತ್ತಿರಲಿಲ್ಲ. ಹೊರಗಿನಿಂದ ಎರಡೂ ಒಂದೇ ಥರ ಕಂಡರೂ ಒಳಗಿನ ಕಟ್ಟಣೆ ಉಲ್ಟಾ. ಅಲ್ಕಲೈನ್ ಶೆಲ್ಲಿನಲ್ಲಿ ಹೊರಗಿನ ಉಕ್ಕಿನ ಡಬ್ಬಿಯೇ ಪ್ಲಸ್. ತೊಟ್ಟು, ಹೆಗಲು, ಮೈ ಎಲ್ಲ ಒಂದೇ ಕಡೆಯವು. ನಿಕಲ್ ಮೆಟಲ್ ಹೈಡ್ರೈಡ್‌ನಲ್ಲಿ ಹೊರಗಿನ ಡಬ್ಬಿ ಮೈನಸ್. ತೊಟ್ಟು ಮಾತ್ರ ಪ್ಲಸ್. ಅದರ ಸುತ್ತ ಒಂದೆರಡು ಮಿಲಿಮೀಟರ್ ದೂರದಲ್ಲೇ ಮೈನಸ್ ಹೆಗಲು ಇದೆ. ನಡುವೆ ಇರುವುದು ಒಂದು ತೆಳು ಬಿಲ್ಲೆ ಮತ್ತು ಮೇಲಿನ ಪ್ಲಾಸ್ಟಿಕ್ ಹೊದಿಕೆ, ಅಷ್ಟೆ. ನನ್ನ ಉಂಡೆ ತೊಟ್ಟನ್ನು ಮುಟ್ಟುತ್ತಲೇ ಹರಡಿಕೊಂಡು, ಹೊದಿಕೆ ಹರಿದಿದ್ದ ಕಡೆ ಹೆಗಲನ್ನೂ ಮುಟ್ಟಿತ್ತು. ನೇರ ಶಾರ್ಟ್. ಈ ಶೆಲ್ಲುಗಳ ಒಳರೋಧ ಬಹಳ ಕಡಿಮೆ, ಶಾರ್ಟ್ ಆದರೆ ಹತ್ತಾರು ಆಂಪಿಯರ್ ಹರಿಯುತ್ತದೆ. ಅಲ್ಕಲೈನ್ ಶೆಲ್ಲು ಜೇಬಿನಲ್ಲಿ ಬೀಗದ ಕೈ ಜೊತೆ ಇದ್ದರೂ ಏನೂ ಆಗದೆ ಉಳಿದಿರಬಹುದು. ಇದನ್ನು ಹಾಗೆ ಇಟ್ಟುಕೊಂಡು ಓಡಾಡಬಾರದು.

ಆದ್ದರಿಂದ ಕೊರತೆ ತುಂಬುವ ಲೋಹ ಯಾವಾಗಲೂ ಮೈನಸ್ ತುದಿಗೆ. ಅಲ್ಲಿ ತಳ ಮತ್ತು ಮೈ ಎರಡೂ ಮೈನಸ್, ಹರಡಿದರೂ ಅಪಾಯವಿಲ್ಲ. ನಾನಂತೂ ಆ ರಾತ್ರಿಯ ಮೇಲೆ ಉಂಡೆಯ ಕೆಲಸವನ್ನೇ ಬಿಟ್ಟೆ. ಡಿ ಗೂಡಿಗೆ ಸರಿಯಾದ ಡಬ್ಬಿ ಕೊಂಡು ತಂದೆ. ಸಿ ಗೂಡಿಗೆ ಮಾತ್ರ ಈಗಲೂ ಒಮ್ಮೊಮ್ಮೆ ರಟ್ಟು ಸುತ್ತುತ್ತೇನೆ, ಅಲ್ಲಿ ಲೋಹವೇ ಬೇಡವಲ್ಲ.

ಸಿ ಗೂಡೂ ಯಾವಾಗಲೂ ಸಲೀಸಲ್ಲ. ದಪ್ಪ ಶೆಲ್ಲಿಗೆಂದು ಮಾಡಿದ ಗೂಡಿನ ಸ್ಪ್ರಿಂಗ್ ಅಗಲವಾಗಿರುತ್ತದೆ. ಗೋಪುರದ ಹಾಗೆ ತುದಿ ಕಿರಿದಾಗಿದ್ದರೆ ಪೆನ್ಸಿಲ್ ಶೆಲ್ಲಿನ ತಳಕ್ಕೆ ನೇರ ತಾಕುತ್ತದೆ. ಬಳೆಯ ಹಾಗೆ ಅಗಲಕ್ಕೇ ನಿಂತಿದ್ದರೆ ಅದು ತಾಕುವುದು ಕೊಳವೆಯ ಪ್ಲಾಸ್ಟಿಕ್ ಅಂಚಿಗೆ. ಶೆಲ್ಲು ಭರ್ತಿ, ಕೊಳವೆ ಸರಿ, ಉಪಕರಣ ಮಾತ್ರ ಸತ್ತ ಹಾಗೆ. ಪ್ಲಸ್ ಕಡೆಯೂ ಇಂಥದೇ ತೊಡಕು. ಶೆಲ್ಲು ತಿರುವುಮುರುವಾಗಿ ಹಾಕಿದರೆ ಕೆಡಬಾರದು ಅಂತ ಕೆಲವು ಉಪಕರಣಗಳಲ್ಲಿ ಪ್ಲಸ್ ತಗಡನ್ನು ಎರಡು ಪ್ಲಾಸ್ಟಿಕ್ ದಿಂಡುಗಳ ನಡುವೆ ಒಳಕ್ಕೆ ಇಟ್ಟಿರುತ್ತಾರೆ. ದಪ್ಪ ಶೆಲ್ಲಿನ ಎತ್ತರದ ತೊಟ್ಟು ಅಲ್ಲಿಗೆ ಮುಟ್ಟುತ್ತದೆ, ಪೆನ್ಸಿಲ್ ಶೆಲ್ಲಿನ ಗಿಡ್ಡ ತೊಟ್ಟು ಮುಟ್ಟುವುದಿಲ್ಲ. ಮಗಳ ಆಟಿಕೆಯೊಂದನ್ನು ಇದರಿಂದಲೇ ಕೆಟ್ಟಿದೆ ಅಂತ ಪಕ್ಕಕ್ಕಿಟ್ಟಿದ್ದೆ. ತಿಂಗಳಾದ ಮೇಲೆ ಅವಳೇ ಟಾರ್ಚ್ ಹಿಡಿದು ಗೂಡಿನೊಳಗೆ ಇಣುಕಿ, "ಅಪ್ಪ, ಇದಕ್ಕೆ ಮೂಗು ಎಟುಕ್ತಾ ಇಲ್ಲ" ಅಂದಳು. ಲೋಹದ ಟೊಪ್ಪಿ ಇರುವ ಕೊಳವೆ ತಂದು ಹಾಕಿದ ಮೇಲೆ ಆಟಿಕೆ ಎದ್ದು ಕೂತಿತು.

ಇನ್ನು ವೋಲ್ಟೇಜಿನ ಮಾತು. ಅಲ್ಕಲೈನ್ ಶೆಲ್ಲು 1.5 ವೋಲ್ಟ್, ನನ್ನ ರೀಚಾರ್ಜ್ ಶೆಲ್ಲು 1.2 ವೋಲ್ಟ್. ಅಂಕಿ ನೋಡಿದ ಕೂಡಲೇ "ಸಾಲುವುದಿಲ್ಲ" ಅಂತ ಹೇಳಿಬಿಡುವವರು ಬಹಳ. ಅದು ಪೂರ್ತಿ ನಿಜವಲ್ಲ. 1.5 ಅನ್ನುವುದು ಅಲ್ಕಲೈನ್ ಶೆಲ್ಲಿನ ಮೊದಲ ದಿನದ ಮುಖ. ಬಳಸುತ್ತ ಹೋದಂತೆ ಅದು ಇಳಿಜಾರಿನ ಹಾಗೆ ಸಮನಾಗಿ ಇಳಿಯುತ್ತದೆ, 1.2ನ್ನು ಹಾದು, 1ಕ್ಕೆ ಬಂದು, ಇನ್ನೂ ಕೆಳಗೆ. ನಿಕಲ್ ಮೆಟಲ್ ಹೈಡ್ರೈಡ್ ಚಾರ್ಜರ್‌ನಿಂದ ಇಳಿದಾಗ 1.4ರ ಹತ್ತಿರ ಇದ್ದು, ಬೇಗ 1.2ರ ಸುಮಾರಿಗೆ ಬಂದು, ಅಲ್ಲೇ ಬಯಲಿನ ಹಾಗೆ ಸಾಗುತ್ತದೆ. ಕೊನೆಗೆ ಒಮ್ಮೆಲೇ ಕಡಿದು ಬೀಳುತ್ತದೆ. ಚೆನ್ನಾಗಿ ಯೋಚಿಸಿ ಮಾಡಿದ ಉಪಕರಣ ಶೆಲ್ಲು 1 ವೋಲ್ಟಿನ ಆಸುಪಾಸಿಗೆ ಇಳಿಯುವವರೆಗೂ ಓಡಬೇಕು. 1.2ಕ್ಕೇ ಕೈಚೆಲ್ಲುವ ಉಪಕರಣ ಅಲ್ಕಲೈನ್ ಶೆಲ್ಲಿನ ದೊಡ್ಡ ಪಾಲನ್ನೂ ಉಣ್ಣದೆ ಎಸೆಯುತ್ತದೆ. ಅಂಥದ್ದರಲ್ಲಿ ತಪ್ಪು ಶೆಲ್ಲಿನದಲ್ಲ.

ಆದರೂ ಸೋತ ಜಾಗಗಳಿವೆ. ತಂತಿಯ ಬಲ್ಬಿನ ಹಳೇ ಟಾರ್ಚ್ ಅದರಲ್ಲಿ ಮೊದಲನೆಯದು. ಎರಡು ಶೆಲ್ಲಿಗೆ 3 ವೋಲ್ಟ್ ಬೇಕಾದ ಕಡೆ 2.4 ಸಿಕ್ಕರೆ ಐದರಲ್ಲಿ ಒಂದು ಪಾಲು ತಾನೇ ಕಡಿಮೆ ಅನಿಸುತ್ತದೆ. ತಂತಿಯ ಬಲ್ಬಿಗೆ ಆ ಲೆಕ್ಕ ನಡೆಯುವುದಿಲ್ಲ, ಬೆಳಕು ಅರ್ಧಕ್ಕೂ ಕೆಳಗೆ ಇಳಿದು ಕೆಂಪಡರುತ್ತದೆ.

ಎರಡನೆಯದು ಗ್ಯಾಸ್ ಗೀಸರ್. ಕಿಡಿ ಹಾರಿಸಲು, ಗ್ಯಾಸಿನ ಕವಾಟ ತೆರೆದು ಹಿಡಿಯಲು ಅದಕ್ಕೆ ಎರಡು ಡಿ ಶೆಲ್ಲು. ಅಡಾಪ್ಟರ್ ಹಾಕಿದ ದಿನ ಹೊತ್ತಿಕೊಂಡಿತು. ಮೂರನೇ ದಿನ ಕಿಡಿ ಟಿಕಟಿಕ ಅನ್ನುತ್ತದೆ, ಉರಿ ಹಿಡಿದು ಆರಿಹೋಗುತ್ತದೆ. ಅಮ್ಮ ಸೋಪು ಹಚ್ಚಿಕೊಂಡು ತಣ್ಣೀರಲ್ಲಿ ನಿಂತು ಕೂಗಿದರು. ಗ್ಯಾಸಿನ ಜೊತೆ ಪ್ರಯೋಗ ಮಾಡುವ ಹಕ್ಕು ನನಗಿಲ್ಲ ಅಂತ ಅವತ್ತೇ ತೀರ್ಮಾನಿಸಿದೆ. ಅಲ್ಲಿ ಒಳ್ಳೆಯ ಅಲ್ಕಲೈನ್ ಶೆಲ್ಲು, ವರ್ಷಕ್ಕೊಮ್ಮೆ ತಾರೀಖು ಬರೆದು ಬದಲು. ಹೊಗೆ ಎಚ್ಚರಿಸುವ ಅಲಾರಂಗೂ ಹಾಗೇ, ಕೈಪಿಡಿಯಲ್ಲಿ ಯಾವ ಶೆಲ್ಲು ಹೇಳಿದೆಯೋ ಅದೇ. ಗೋಡೆ ಗಡಿಯಾರ ಗುಟುಕು ಗುಟುಕಾಗಿ ಕುಡಿಯುವ ಪ್ರಾಣಿ, ಒಂದು ಶೆಲ್ಲಿನಲ್ಲಿ ವರ್ಷ ದಾಟುತ್ತದೆ. ಅಲ್ಲಿ ನೂರಾರು ಸಲ ದುಡಿಯಬಲ್ಲ ಶೆಲ್ಲನ್ನು ಕೂಡಿಹಾಕುವುದರಲ್ಲಿ ಅರ್ಥವಿಲ್ಲ.

ಅಪ್ಪನ ರೇಡಿಯೊ ಓಡಿತು. ದನಿಯಲ್ಲಿ ವ್ಯತ್ಯಾಸ ಯಾರಿಗೂ ಗೊತ್ತಾಗಲಿಲ್ಲ. ಆದರೆ ಎಷ್ಟು ದಿನ? ಮೊದಲು ನಾಲ್ಕು ದಪ್ಪ ಅಲ್ಕಲೈನ್ ಶೆಲ್ಲು ಒಂದೂವರೆ ತಿಂಗಳ ಮೇಲೆ ಬರುತ್ತಿದ್ದವು. ಇವು ಏಳನೇ ದಿನಕ್ಕೆ, ವಾರ್ತೆ ಓದುತ್ತಿದ್ದ ಹಾಗೇ, ನಿಂತುಬಿಟ್ಟವು. ಡಿ ಅಲ್ಕಲೈನ್ ಶೆಲ್ಲಿನಿಂದ ನಿಧಾನವಾಗಿ ತೆಗೆದುಕೊಂಡರೆ 12000 ಎಂಎಎಚ್‌ಗೂ ಮೇಲೆ ಸಿಗುತ್ತದೆ, ನನ್ನ ಪೆನ್ಸಿಲ್ ಶೆಲ್ಲು ಹಿಡಿಯುವುದು 2000. ಆರರಲ್ಲಿ ಒಂದು ಪಾಲು. ದಿನಕ್ಕೆ ಮೂರು ಗಂಟೆ ಕೇಳುವ ಅಪ್ಪನಿಗೆ ವಾರಕ್ಕೊಮ್ಮೆ ಶೆಲ್ಲು ಬದಲಿಸುವ ಕೆಲಸ ಬಂತು.

ಅಪ್ಪ ಗೊಣಗಲಿಲ್ಲ. ಒಂದು ಹಳೇ ಡೈರಿ ತೆಗೆದರು. ಯಾವ ಜೊತೆ, ಯಾವತ್ತು ಹಾಕಿದ್ದು, ಯಾವತ್ತು ನಿಂತಿದ್ದು. ಶೆಲ್ಲುಗಳ ಮೈಮೇಲೆ ಅಳಿಯದ ಶಾಯಿಯಲ್ಲಿ ಅಕ್ಷರ ಬರೆದರು. ಕ ಅಂದರೆ ನಾಲ್ಕೂ ಕ, ಖ ಅಂದರೆ ನಾಲ್ಕೂ ಖ. ಒಂದರ ಜೊತೆಯವು ಇನ್ನೊಂದರ ಜೊತೆ ಬೆರೆಯಬಾರದು. ಇದು ನಾನು ಹೇಳಿದ್ದಕ್ಕೆ ಮಾಡಿದ್ದು, ಆದರೆ ನನಗಿಂತ ಕಟ್ಟುನಿಟ್ಟಾಗಿ ಅವರೇ ನಡೆಸಿದರು. ಸಾಲಿನಲ್ಲಿ ನಾಲ್ಕು ಶೆಲ್ಲು ಇದ್ದಾಗ ಒಂದು ಮೊದಲೇ ಬರಿದಾದರೆ ಉಳಿದ ಮೂರೂ ಅದರ ಮೂಲಕ ವಿದ್ಯುತ್ತನ್ನು ದಬ್ಬುತ್ತಲೇ ಇರುತ್ತವೆ. ಬರಿದಾದದ್ದು ಉಲ್ಟಾ ಚಾರ್ಜ್ ಆಗಿ ಒಳಗೆ ಕೆಡುತ್ತದೆ. ರೀಚಾರ್ಜ್ ಶೆಲ್ಲು "ಬೇಗ ಸತ್ತುಹೋಯಿತು" ಅಂತ ಹೇಳುವ ಮನೆಗಳಲ್ಲಿ ಬಹಳ ಸಲ ನಡೆದಿರುವುದು ಇದೇ: ಹೊಸದು ಹಳೆಯದು ಬೆರೆಸಿ ಹಾಕಿ, ದನಿ ಸೊರಗಿದ ಮೇಲೂ ಹಿಂಡಿದ್ದು. ದನಿ ಒಡೆಯಲು ಶುರುವಾದ ಕೂಡಲೇ ತೆಗೆದು ಚಾರ್ಜಿಗೆ ಹಾಕಬೇಕು. ಚಾರ್ಜರ್ ಕೂಡ ಒಂದೊಂದು ಶೆಲ್ಲನ್ನು ಬೇರೆ ಬೇರೆಯಾಗಿ ನೋಡಿಕೊಳ್ಳುವಂಥದ್ದೇ ಇರಲಿ. ಇಡೀ ಖರ್ಚಿನಲ್ಲಿ ಜಿಪುಣತನ ಮಾಡಬಾರದ ಜಾಗ ಅದೊಂದೇ.

ಡಿ ಶೆಲ್ಲು ಅಷ್ಟು ದಪ್ಪ ಯಾಕೆ ಅಂತ ಒಮ್ಮೆ ಅಪ್ಪ ಕೇಳಿದ್ದರು. ಆ ಗಾತ್ರ 1898ರಲ್ಲಿ ಅಮೆರಿಕದ ನ್ಯಾಷನಲ್ ಕಾರ್ಬನ್ ಕಂಪನಿ ತಂದದ್ದು. ಆಗಿನ ಶೆಲ್ಲು ಎಂದರೆ ಫ್ರಾನ್ಸಿನ ಲೆಕ್ಲಾಂಶೆ 1866ರಲ್ಲಿ ಕಟ್ಟಿದ ಸತು ಮತ್ತು ಇಂಗಾಲದ ಕೋಶದ ಒಣ ರೂಪ, ಅದಕ್ಕೆ ಕಸುವು ಕಡಿಮೆ. ಎದುರಿಗಿದ್ದ ತಂತಿಯ ಬಲ್ಬು ಹೊಟ್ಟೆಬಾಕ. ಹೆಚ್ಚು ಹೊತ್ತು ಉರಿಯಬೇಕಾದರೆ ಶೆಲ್ಲು ದಪ್ಪವಾಗಲೇಬೇಕಿತ್ತು. ಆಮೇಲೆ ರಸಾಯನ ಬದಲಾಯಿತು, ಬಲ್ಬು ಹೋಗಿ ಎಲ್‌ಇಡಿ ಬಂತು, ಗೂಡು ಮಾತ್ರ ಹಾಗೇ ಉಳಿಯಿತು. ನಮ್ಮ ಮಾತಿನಲ್ಲೂ ಅದರ ಗುರುತಿದೆ. ಅಪ್ಪ ಇಂದಿಗೂ ಟಾರ್ಚಿಗೆ "ಬ್ಯಾಟರಿ" ಅನ್ನುತ್ತಾರೆ, ಒಳಗೆ ಹಾಕುವುದು "ಶೆಲ್ಲು". ಮಗಳಿಗೆ ಬ್ಯಾಟರಿ ಅಂದರೆ ಮೊಬೈಲಿನ ಮೂಲೆಯಲ್ಲಿ ಕಾಣುವ ಶೇಕಡಾ ಅಂಕಿ.

ಈಗೀಗ 1.5 ವೋಲ್ಟನ್ನೇ ಕೊಡುವ ಲಿಥಿಯಂ ಅಯಾನ್ ಪೆನ್ಸಿಲ್ ಶೆಲ್ಲುಗಳೂ ಬಂದಿವೆ. ಒಳಗೆ ಒಂದು ಪುಟ್ಟ ಸರ್ಕ್ಯೂಟ್ ಕೂತು ವೋಲ್ಟೇಜನ್ನು ಇಳಿಸಿ ಕೊಡುತ್ತದೆ. ಒಳ್ಳೆಯ ಉಪಾಯ. ರೇಡಿಯೊಗೆ ಮಾತ್ರ ಬೇಡ ಅನ್ನುತ್ತೇನೆ. ಆ ಸರ್ಕ್ಯೂಟ್ ಹೊರಡಿಸುವ ಗದ್ದಲ ಮೀಡಿಯಂ ವೇವ್‌ನಲ್ಲಿ ಜೇನುಹುಳದ ಹಾಗೆ ಕೇಳಿಸಬಹುದು. ಅಪ್ಪನ ಸ್ಟೇಷನ್‌ಗಳೆಲ್ಲ ಅಲ್ಲೇ ಇರುವುದು. ಜೊತೆಗೆ ಈ ಲಿಥಿಯಂ ಶೆಲ್ಲುಗಳಲ್ಲಿ ಹಲವು ಮುಗಿಯುವಾಗ ಸುಳಿವನ್ನೂ ಕೊಡದೆ ಕೈಬಿಡುತ್ತವೆ.

ನನಗೆ ಹೆಚ್ಚು ಆಸೆ ಹುಟ್ಟಿಸಿದ್ದು ಇನ್ನೊಂದು ಬಗೆಯ ಡಬ್ಬಿ. ಒಂದು ಡಿ ಡಬ್ಬಿಯೊಳಗೆ ಮೂರು ಪೆನ್ಸಿಲ್ ಶೆಲ್ಲು, ಅಕ್ಕಪಕ್ಕ. ವೋಲ್ಟೇಜ್ ಅಷ್ಟೇ ಇರುತ್ತದೆ, ಹಿಡಿಯುವಿಕೆ ಮೂರು ಪಟ್ಟು. 2000 ಇದ್ದದ್ದು 6000. ಇದರಲ್ಲಿ ಎಚ್ಚರವೂ ಮೂರು ಪಟ್ಟು ಬೇಕು. ಮೂರರಲ್ಲಿ ಒಂದನ್ನು ತಿರುವುಮುರುವಾಗಿ ಹಾಕಿದರೆ ಉಳಿದೆರಡು ತಮ್ಮಲ್ಲಿರುವುದನ್ನೆಲ್ಲ ಅದರ ಮೇಲೆ ಸುರಿಯುತ್ತವೆ. ಉಪಕರಣದ ಸ್ವಿಚ್ ಆಫ್ ಇದ್ದರೂ ಸರಿ, ಡಬ್ಬಿ ಮೇಜಿನ ಮೇಲೆ ಸುಮ್ಮನೆ ಇದ್ದರೂ ಸರಿ. ರೇಡಿಯೊದ ಗೂಡಿನಲ್ಲಿ ಹಾಗಾದರೆ ರೇಡಿಯೊ ಹತ್ತುವುದಿಲ್ಲ, ಗೊತ್ತಾಗುತ್ತದೆ. ಇಲ್ಲಿ ಹೇಳುವವರು ಯಾರೂ ಇಲ್ಲ. ಅಲ್ಕಲೈನ್ ಒಂದು, ರೀಚಾರ್ಜ್ ಎರಡು ಅಂತ ಬೆರೆಸುವುದಂತೂ ಕೂಡದು. ಮೂರೂ ಒಂದೇ ಜಾತಿ, ಒಂದೇ ವಯಸ್ಸು, ಒಂದೇ ದಿನ ಚಾರ್ಜ್ ಆದವು ಆಗಿರಬೇಕು. ಇವನ್ನು ಮಗಳ ಕೈಗೆ ಕೊಡುವುದಿಲ್ಲ. ನಾನು ಹಾಕಿದ್ದನ್ನು ಅಪ್ಪ ನೋಡುತ್ತಾರೆ, ಅಪ್ಪ ಹಾಕಿದ್ದನ್ನು ನಾನು.

ಕೊಳ್ಳುವಾಗ ತಗಡನ್ನು ನೋಡಿ. ಅಗ್ಗದ ಡಬ್ಬಿಗಳಲ್ಲಿ ಬೆರಳಲ್ಲಿ ಒತ್ತಿದರೆ ಬಾಗಿ ಮೇಲೇಳದ ಕಾಗದದಂಥ ತಗಡು ಇರುತ್ತದೆ. ಒಂದು ವಾರದಲ್ಲಿ ಸಂಪರ್ಕ ಸಡಿಲವಾಗಿ, ರೇಡಿಯೊವನ್ನು ಮೇಜಿನ ಮೇಲೆ ಇಟ್ಟ ಸದ್ದಿಗೇ ಅದು ನಿಂತು ಹತ್ತುತ್ತದೆ. ಅಲ್ಲಾಡಿಸಿದಾಗ ಕಿವಿಗೆ ಟಕಟಕ ಕೇಳಿಸಿದರೆ ಅಂಥದ್ದು ಬೇಡ.

ನಾಲ್ಕು ಡಬ್ಬಿ ತರಿಸಿ ಹನ್ನೆರಡು ಶೆಲ್ಲು ತುಂಬಿ ತಕ್ಕಡಿಗೆ ಇಟ್ಟೆ. 380 ಗ್ರಾಂ ಚಿಲ್ಲರೆ. ಹಳೇ ದಪ್ಪ ಶೆಲ್ಲು ನಾಲ್ಕೂ ಸೇರಿ 560ರ ಹತ್ತಿರ ಇದ್ದವು, ಒಂಟಿ ಶೆಲ್ಲಿನ ಡಬ್ಬಿಗಳು 140ಕ್ಕೂ ಕೆಳಗೆ. ಅಪ್ಪ ಮುಚ್ಚಳ ಹಾಕಿ, ರೇಡಿಯೊವನ್ನು ಕಿಟಕಿಯ ಹತ್ತಿರ ಇಟ್ಟು, ಆಂಟೆನಾ ಪೂರ್ತಿ ಎಳೆದು ಬಾಗಿಸಿದರು. ಇನ್ನೊಂದು ಕೈ ಹಿಂದೆ ಹಿಡಿದೇ ಇದ್ದರು. ರೇಡಿಯೊ ಅಲ್ಲಾಡಲಿಲ್ಲ.

"ಈಗ ಹೊಟ್ಟೆ ತುಂಬಿದೆ" ಎಂದರು.

ಡೈರಿಯಲ್ಲಿ ಅವರ ಕೈಬರಹ ಹೀಗಿದೆ: ಗ ಜೊತೆ, 12 ಶೆಲ್ಲು, ಭಾನುವಾರ ಬೆಳಗ್ಗೆ 6. ಅದರ ಕೆಳಗೆ ದಿನಕ್ಕೊಂದು ಗೆರೆ. ಲೆಕ್ಕದ ಪ್ರಕಾರ ಇಪ್ಪತ್ತು ಗೆರೆ ಆಗಬೇಕು ಅಂತ ನಾನು, ಹದಿನೆಂಟು ಅಂತ ಅಪ್ಪ. ಇವತ್ತು ಬೆಳಗ್ಗೆ ನೋಡಿದಾಗ ಹದಿನಾರು ಆಗಿದ್ದವು, ವಾರ್ತೆ ಬರುತ್ತಿತ್ತು.